ಮೊದಲ ರಕ್ತದಾನ: ಹೆಸರು ಕೊಟ್ಟ ದಿನ ತಪ್ಪಿಸಬೇಡಿ

ಗೆಳೆಯರ ಜೊತೆ ಹುಮ್ಮಸ್ಸಿನಲ್ಲಿ ಹೆಸರು ಬರೆಸಿದ್ದೀರಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದು ರಕ್ತನಿಧಿಯಿಂದ ಮೆಸೇಜೂ ಬಂದಿದೆ. ಶುಕ್ರವಾರ ರಾತ್ರಿ ಮಾತ್ರ ಹೊಟ್ಟೆಯೊಳಗೆ ತಳಮಳ. ಸೂಜಿ ನೋವಾದರೆ? ತಲೆ ಸುತ್ತಿ ಬಿದ್ದರೆ? ‘ಮುಂದಿನ ವಾರ ನೋಡೋಣ’ ಅನ್ನಿಸುವುದು ಈ ಹೊತ್ತಿನಲ್ಲೇ. ಮೊದಲ ಸಲ ನನಗೂ ಹೀಗೇ ಆಗಿತ್ತು.

ಆದರೆ ಆ ಶನಿವಾರಕ್ಕೆ ಒಂದು ಲೆಕ್ಕವಿದೆ. ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿ ಐದಾರು ವಾರ ಇಡಬಹುದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಉಳಿಯುವುದು ಸುಮಾರು 5 ದಿನ ಅಷ್ಟೆ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೀಮೋ ಪಡೆಯುವವರಿಗೆ ಅದು ಬೇಕಾಗುತ್ತಲೇ ಇರುತ್ತದೆ. ತಿಂಗಳ ಮೊದಲೇ ಕೂಡಿಡಲು ಬರುವುದಿಲ್ಲ.

ಮೊದಲು ರಕ್ತನಿಧಿಗೆ ಫೋನ್ ಮಾಡಿ. ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5 ಇರಬೇಕು. ವರ್ಷದೊಳಗೆ ಹಚ್ಚೆ ಹಾಕಿಸಿದ್ದರೆ, ಜ್ವರವಿದ್ದರೆ, ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಅಲ್ಲಿಯವರೆಗೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ.

ಹಿಂದಿನ ದಿನ ಮದ್ಯ ಬೇಡ, ನಿದ್ದೆ ಕೆಡಿಸಿಕೊಳ್ಳಬೇಡಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಲೇಬೇಡಿ. ರಕ್ತ ಪರೀಕ್ಷೆಗೆ ಹೋಗುವ ಅಭ್ಯಾಸದಲ್ಲಿ ಹಲವರು ಉಪವಾಸ ಬರುತ್ತಾರೆ, ಅದು ತಪ್ಪು. ಇಡ್ಲಿ, ಅವಲಕ್ಕಿ ಸಾಕು. ಬೆಣ್ಣೆ ಮಸಾಲೆ ದೋಸೆ ಆಮೇಲೆ ತಿನ್ನಿ: ಜಿಡ್ಡು ಹೆಚ್ಚಾದರೆ ಪ್ಲಾಸ್ಮಾ (ರಕ್ತದ ದ್ರವಭಾಗ) ಹಾಲಿನಂತೆ ಮಬ್ಬಾಗಿ ಪರೀಕ್ಷೆಗೆ ಅಡ್ಡಿಯಾಗುತ್ತದೆ. ಸಡಿಲ ತೋಳಿನ ಅಂಗಿ ಹಾಕಿಕೊಂಡು, ಗುರುತಿನ ಚೀಟಿ ಇಟ್ಟುಕೊಂಡು ಹೊರಡಿ. ಬೈಕಿಗಿಂತ ಮೆಟ್ರೊ ಒಳ್ಳೆಯದು. ಟ್ರಾಫಿಕ್ಕಿನಲ್ಲಿ ಬೆವತು ತಲುಪಿದರೆ ದಣಿವು ಮೊದಲೇ ಬಂದಿರುತ್ತದೆ.

ರಕ್ತನಿಧಿಯಲ್ಲಿ ಫಾರಂ ತುಂಬಿ, ಬಿಪಿ, ತೂಕ ನೋಡಿ, ಬೆರಳ ತುದಿ ಚುಚ್ಚಿ ಒಂದು ಹನಿ ತೆಗೆಯುತ್ತಾರೆ. ಬಹಳ ಜನಕ್ಕೆ ಚುರುಕ್ ಅನ್ನುವುದು ಇಲ್ಲೇ ಹೆಚ್ಚು. ಹಿಮೋಗ್ಲೋಬಿನ್ ಕಡಿಮೆ ಎಂದರೆ ನಾಚಿಕೆಪಡುವ ಮಾತೇ ಇಲ್ಲ, ವೈದ್ಯರಿಗೆ ತೋರಿಸಿ ಮತ್ತೆ ಬನ್ನಿ. ರಕ್ತ ಕೊಡಲು ಮಂಚದ ಮೇಲೆ ಮಲಗುವ ಮುನ್ನ ಅರ್ಧ ಲೀಟರ್ ನೀರು ಕುಡಿಯಿರಿ. ತಲೆಸುತ್ತು ತಡೆಯಲು ಇದು ನಿಜಕ್ಕೂ ನೆರವಾಗುತ್ತದೆ. ‘ಇದು ನನ್ನ ಮೊದಲ ಸಲ, ಭಯವಾಗ್ತಿದೆ’ ಎಂದು ಸಿಬ್ಬಂದಿಗೆ ಬಾಯಿಬಿಟ್ಟು ಹೇಳಿ, ಅವರು ಪಕ್ಕದಲ್ಲೇ ಇರುತ್ತಾರೆ. ಸೂಜಿ ಹಾಕುವಾಗ ಮುಖ ಆಚೆ ತಿರುಗಿಸಿ. ಕೈಯಲ್ಲಿ ಮೆತ್ತನೆಯ ಚೆಂಡು ಕೊಡುತ್ತಾರೆ, ನಿಧಾನಕ್ಕೆ ಅದುಮುತ್ತಿರಿ. ಕಾಲಮೇಲೆ ಕಾಲು ಹಾಕಿ ತೊಡೆಯ ಸ್ನಾಯು ಬಿಗಿದು ಸಡಿಲಿಸುತ್ತಿದ್ದರೆ ಬಿಪಿ ಅಷ್ಟಾಗಿ ಇಳಿಯುವುದಿಲ್ಲ. ಪಕ್ಕದ ಪುಟ್ಟ ಯಂತ್ರದ ಮೇಲೆ ಚೀಲ ಅತ್ತಿತ್ತ ತೂಗುತ್ತಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಒಳಗಿನ ದ್ರವದೊಂದಿಗೆ ಬೆರೆಯಲಿ ಎಂದು. 350 ಅಥವಾ 450 ಮಿಲಿಲೀಟರ್ ತುಂಬಲು ಸುಮಾರು ಹತ್ತು ನಿಮಿಷ.

ಆಮೇಲೆ ದಡಬಡ ಏಳಬೇಡಿ. ಕಾಲು ಗಂಟೆ ಕುಳಿತು ಬಿಸ್ಕತ್ತು, ಜ್ಯೂಸ್ ಮುಗಿಸಿ. ಅಂದು ಜಿಮ್ ಬೇಡ, ಆ ಕೈಯಲ್ಲಿ ಭಾರ ಎತ್ತಬೇಡಿ. ಕಳೆದ ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ.

ಬರಲು ಸಾಧ್ಯವೇ ಇಲ್ಲದಿದ್ದರೆ ಹಿಂದಿನ ದಿನವೇ ತಿಳಿಸಿ, ಆ ಜಾಗಕ್ಕೆ ಬೇರೊಬ್ಬರನ್ನು ಕರೆಯಲು ಅವರಿಗೆ ಸಮಯ ಸಿಗುತ್ತದೆ. ಫೋನ್ ಇಡುವ ಮುನ್ನ ಬೇರೆ ದಿನ ಕೇಳಿ ತೆಗೆದುಕೊಳ್ಳಿ. ರಕ್ತ ಕೊಟ್ಟು ಮುಗಿಸಿದವರು ಮುಂದಿನ ಸಲದ್ದನ್ನು ಅಲ್ಲೇ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ: ಗಂಡಸರು 3 ತಿಂಗಳಿಗೆ, ಹೆಂಗಸರು 4 ತಿಂಗಳಿಗೆ.