ಆಕಾಶ ನೋಡಬೇಡಿ, ಡ್ಯಾಮಿನ ಲೆಕ್ಕ ನೋಡಿ

ಗದಗ ಜಿಲ್ಲೆಯಲ್ಲಿ ಮಲಪ್ರಭೆ ಹೊಳೆ ದಂಡೆಯ ಕೊಣ್ಣೂರಿನ ತಗ್ಗಿನ ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. 2019ರ ಆಗಸ್ಟಿನಲ್ಲಿ ಅದರ ಮೋಟಾರು ಮುಳುಗಿತು. ತಪ್ಪು ನನ್ನದೇ. ಹೊಳೆ ಬರುತ್ತದೆ ಅಂತ ಸಾರಿದ ಡಂಗುರ ಕೇಳಿಸಿತ್ತು. ಬಾಗಿಲಿಗೆ ಬಂದು ಆಕಾಶ ನೋಡಿದೆ, ಜಿಟಿಜಿಟಿ ಮಳೆ ಅಷ್ಟೇ. ಇಷ್ಟು ಮಳೆಗೆ ಹೊಳೆ ಎಲ್ಲಿ ಬರುತ್ತದೆ ಅಂತ ಸುಮ್ನೆ ಜೋಳ ಬೀಸುತ್ತ ಕೂತೆ.

ಮಲಪ್ರಭೆಗೆ ಮಹಾಪೂರ ಬರೋದು ನಮ್ಮೂರ ಮಳೆಯಿಂದಲ್ಲ. ಖಾನಾಪುರ ತಾಲೂಕಿನ ಕಣಕುಂಬಿ ಕಡೆ ಸುರಿದದ್ದು ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿಗೆ ಬಂದು ನಿಲ್ಲುತ್ತದೆ. ಡ್ಯಾಮು ತುಂಬಿದ ಮೇಲೆ ಬಂದ ನೀರನ್ನು ಬಿಡದೆ ಗತಿಯಿಲ್ಲ. ಹಾಗಾಗಿ ಜುಲೈ ಬಂತೆಂದರೆ ದಿನಾ ಪೇಪರಿನಲ್ಲಿ ಡ್ಯಾಮಿನ ಮೂರು ಅಂಕಿ ನೋಡಿ: ನೀರಿನ ಮಟ್ಟ, ಒಳಹರಿವು, ಹೊರಹರಿವು. ಭರ್ತಿ ಮಟ್ಟ 2079.50 ಅಡಿ. ಮಟ್ಟ ಅದರ ಸಮೀಪ ಬಂದು ಒಳಹರಿವು ಇನ್ನೂ ಏರುತ್ತಿದ್ದರೆ ಗಂಟು ಕಟ್ಟಲು ಶುರು ಮಾಡಿ. ಇವತ್ತಿನ ಹೊರಹರಿವು ಕಡಿಮೆ ಇದೆ ಅಂತ ನಂಬಿ ಕೂರಬೇಡಿ. ಈ ಹರಿವು ಅಳೆಯೋದು ಕ್ಯೂಸೆಕ್ ಲೆಕ್ಕದಲ್ಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ. ಹತ್ತು ಸಾವಿರ ಕ್ಯೂಸೆಕ್ಸ್ ಎಷ್ಟು ಕೊಡ, ನೀವೇ ಲೆಕ್ಕ ಹಾಕಿ.

ಆ ನೀರು ನಿಮ್ಮ ಕಟ್ಟೆಗೆ ಬರುತ್ತದಾ ಅಂತ ಪೇಪರಿನವರು ಹೇಳೋದಿಲ್ಲ ಅಲ್ವಾ? ಅದಕ್ಕೆ ನಾನು ಗಿರಣಿ ಗೋಡೆ ಮೇಲೆ ಎಣ್ಣೆ ಬಣ್ಣದಲ್ಲಿ ಗೆರೆ ಹಾಕುತ್ತೇನೆ. ನೀರು ಎಲ್ಲಿಗೆ ಬಂತು, ಡ್ಯಾಮಿನಿಂದ ಎಷ್ಟು ಬಿಟ್ಟಿದ್ದರು, ಬಿಟ್ಟ ಮೇಲೆ ಎಷ್ಟು ತಾಸಿಗೆ ಮುಟ್ಟಿತು, ಮೂರನ್ನೂ ಗೆರೆ ಪಕ್ಕ ಬರೆಯುತ್ತೇನೆ. ಈಗ ಓಣಿಯವರೆಲ್ಲ ಬಂದು ನೋಡಿ ಹೋಗುತ್ತಾರೆ. ನೀವೂ ಗುಡಿ ಕಟ್ಟೆಗೋ ಕರೆಂಟ್ ಇಲ್ಲದ ಕಂಬಕ್ಕೋ ಹಾಕಿ.

ಮಲಪ್ರಭೆಗೆ ಬಂದು ಸೇರುವ ಬೆಣ್ಣೆಹಳ್ಳದ ದಂಡೆಯವರಿಗೆ ಈ ಲೆಕ್ಕ ನಡೆಯೋದಿಲ್ಲ. ಅದಕ್ಕೆ ಗೇಟು ಎತ್ತಿ ನೀರು ಬಿಡುವ ಡ್ಯಾಮಿಲ್ಲ, ಡಂಗುರ ಸಾರಲು ಪುರುಸೊತ್ತೂ ಸಿಗೋದಿಲ್ಲ. ಕುಂದಗೋಳ, ಹುಬ್ಬಳ್ಳಿ ಕಡೆ ಜೋರು ಮಳೆ ಅಂತ ಗೊತ್ತಾದರೆ ರಾತ್ರಿ ಹಳ್ಳ ದಾಟುವ ಯೋಚನೆ ಬಿಟ್ಟುಬಿಡಿ. ಮೊಣಕಾಲುದ್ದದ ಹರಿಯೋ ನೀರು ಸಾಕು, ಗಟ್ಟಿ ಆಳನ್ನೂ ಕೆಡವುತ್ತದೆ. ಟ್ರ್ಯಾಕ್ಟರ್ ಇದೆ ಅನ್ನೋ ಧೈರ್ಯವೂ ಬೇಡ.

ಹೊರಡುವಾಗ ಮೊದಲು ವಯಸ್ಸಾದವರು, ಮಕ್ಕಳು, ಬಾಣಂತಿಯರು. ಬೆಳಕಿದ್ದಾಗಲೇ ಕಳಿಸಿ, ಸೋಲಾಪುರ ರಸ್ತೆ ಮೇಲೆ ನೀರು ಬಂದರೆ ಬಸ್ಸೂ ನಿಲ್ಲುತ್ತದೆ. ದನಗಳನ್ನು ದಿಬ್ಬಕ್ಕೆ ಹೊಡೆಯಿರಿ, ಆಗದಿದ್ದರೆ ಕಣ್ಣಿ ಬಿಚ್ಚಿಬಿಡಿ. ಕಟ್ಟಿದ ಎಮ್ಮೆ ನಿಂತಲ್ಲೇ ಸಾಯುತ್ತದೆ. ಮೇನ್ ಸ್ವಿಚ್ ಇಳಿಸಿ, ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೈಮೇಲೇ ಇಟ್ಟುಕೊಳ್ಳಿ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದು ಬೇರೆ ಇಲ್ಲ. ನಮ್ಮ ಮನೆಯಲ್ಲಿ ಮಳೆಗಾಲ ಮುಗಿಯೋವರೆಗೂ ಒಂದು ಬುಟ್ಟಿ ರೊಟ್ಟಿ ತಯಾರಿರುತ್ತದೆ. ಸಿಕ್ಕಿಕೊಂಡರೆ 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ.

ನೀರು ಇಳಿದ ತಕ್ಷಣ ಒಳಗೆ ನುಗ್ಗಬೇಡಿ. ಮಣ್ಣಿನ ಮನೆ ನೀರಲ್ಲಿ ನಿಂತೇ ಇರುತ್ತದೆ, ಎರಡು ದಿನ ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ನಮ್ಮ ಮನೆ ಹಿಂದಿನವರ ಗೋಡೆ ಬಿದ್ದದ್ದು ಹಾಗೇ, ಎಲ್ಲರೂ ವಾಪಸ್ ಬಂದು ಚಹಾ ಕುಡಿಯುತ್ತಿದ್ದಾಗ. ಪುಣ್ಯಕ್ಕೆ ಹೊರಗೆ ಕೂತಿದ್ದರು. ಕಟ್ಟಿಗೆ ರಾಶಿಯಲ್ಲಿ ಹಾವಿರುತ್ತದೆ, ಕೋಲಿನಿಂದ ಬಡಿದು ನೋಡಿ. ರಾಡಿ ತೊಳೆಯುವ ಮುಂಚೆ ಫೋಟೋ ತೆಗೆಯಿರಿ, ಪರಿಹಾರದ ಪಂಚನಾಮೆಗೆ ಬೇಕಾಗುತ್ತದೆ. ನಾನು ಮೊದಲು ತೊಳೆದೆ, ಆಮೇಲೆ ಫೋಟೋ ತೆಗೆದೆ. ಮೋಟಾರು ಹೊಸದರ ಹಾಗೆ ಹೊಳೆಯುತ್ತಿತ್ತು.