ಮ್ಯಾಡಿಸನ್‌ನಲ್ಲಿ ಮಕ್ಕಳಿಗೆ ಹೈಸ್ಕೂಲು: ಹೋಲಿಸಿ ನೋಡುವುದು ಹೇಗೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್, ಸುಮಾರು 2.7 ಲಕ್ಷ ಜನರಿರುವ ಊರು. ಅಲ್ಲಿನ ವಿಶ್ವವಿದ್ಯಾಲಯಕ್ಕೋ ಪಕ್ಕದ ವೆರೋನಾದಲ್ಲಿರುವ ಎಪಿಕ್ ಕಂಪನಿಗೋ ಕೆಲಸಕ್ಕೆಂದು ಹೋಗುವ ನಮ್ಮವರು ಮೊದಲು ಮನೆ ಹುಡುಕುತ್ತಾರೆ. ಮನೆ ತೋರಿಸುವ ಜಾಲತಾಣಗಳಲ್ಲಿ ಪ್ರತಿ ಮನೆಯ ಕೆಳಗೂ ಹತ್ತಿರದ ಶಾಲೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿರುತ್ತಾರೆ. ದಯವಿಟ್ಟು ಆ ಒಂದು ಅಂಕ ನೋಡಿ ಮನೆ ಹಿಡಿಯಬೇಡಿ. ಶಾಲೆಯಲ್ಲಿ ಹೇಗೆ ಕಲಿಸುತ್ತಾರೆ ಎನ್ನುವುದಕ್ಕಿಂತ ಅಲ್ಲಿ ಎಂಥ ಮನೆಗಳ ಮಕ್ಕಳು ಓದುತ್ತಾರೆ ಎನ್ನುವುದನ್ನೇ ಅದು ಬಹುಪಾಲು ಹೇಳುತ್ತದೆ.

ಮೊದಲು ವಿಳಾಸ

ಮ್ಯಾಡಿಸನ್ ಶಿಕ್ಷಣ ಡಿಸ್ಟ್ರಿಕ್ಟ್‌ನಲ್ಲಿ (ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ದೊಡ್ಡ ಹೈಸ್ಕೂಲುಗಳು ನಾಲ್ಕು: ಈಸ್ಟ್, ವೆಸ್ಟ್, ಲಾ ಫಾಲೆಟ್ ಮತ್ತು ವೆಲ್ ಫಿಲಿಪ್ಸ್ ಮೆಮೋರಿಯಲ್. ಕೊನೆಯದಕ್ಕೆ ಮೊದಲು ಜೇಮ್ಸ್ ಮ್ಯಾಡಿಸನ್ ಮೆಮೋರಿಯಲ್ ಎಂಬ ಹೆಸರಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದ ಮೊದಲ ಕಪ್ಪು ಮಹಿಳೆಯ ಹೆಸರು ಈಗ ಅದಕ್ಕಿದೆ. ಹಳೆಯ ಅಂಕಿ ಅಂಶ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ಯಾವ ಶಾಲೆ ಸಿಗುತ್ತದೆ ಎನ್ನುವುದು ಮನೆಯ ವಿಳಾಸದ ಮೇಲೆ ನಿಂತಿದೆ. ಇಲ್ಲಿ ಒಂದು ತೊಡಕು: ನಗರದ ಗಡಿಯೂ ಶಿಕ್ಷಣ ಡಿಸ್ಟ್ರಿಕ್ಟ್‌ನ ಗಡಿಯೂ ಒಂದೇ ಅಲ್ಲ. ನಗರದ ಪಶ್ಚಿಮ ಅಂಚಿನ ಕೆಲವು ಬಡಾವಣೆಗಳು ಮಿಡಲ್ಟನ್-ಕ್ರಾಸ್ ಪ್ಲೇನ್ಸ್ ಅಥವಾ ವೆರೋನಾ ಡಿಸ್ಟ್ರಿಕ್ಟ್‌ಗೆ ಸೇರಿವೆ. ವಿಳಾಸದಲ್ಲಿ ಮ್ಯಾಡಿಸನ್ ಎಂದಿದ್ದರೂ ಮಗು ಹೋಗುವುದು ಬೇರೆ ಊರಿನ ಹೈಸ್ಕೂಲಿಗೆ. ಏಜೆಂಟರ ಮಾತನ್ನೇ ನೆಚ್ಚಿಕೊಳ್ಳದೆ, ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಡಿಸ್ಟ್ರಿಕ್ಟ್ ಜಾಲತಾಣದಲ್ಲಿ ಮನೆ ನಂಬರು ಹಾಕಿ ನೋಡಿಕೊಳ್ಳಿ.

ರಿಪೋರ್ಟ್ ಕಾರ್ಡ್ ಓದುವ ಬಗೆ

ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವರ್ಷ ಪ್ರತಿ ಶಾಲೆಗೂ ರಿಪೋರ್ಟ್ ಕಾರ್ಡ್ ಕೊಡುತ್ತದೆ. ಮೇಲ್ಗಡೆ ನೂರರೊಳಗಿನ ಒಂದು ಅಂಕ, ಜೊತೆಗೆ ಒಂದರಿಂದ ಐದು ನಕ್ಷತ್ರ. ಅದರ ಕೆಳಗೆ ನಾಲ್ಕು ಭಾಗ: ಮಕ್ಕಳ ಸಾಧನೆ, ವರ್ಷದಿಂದ ವರ್ಷಕ್ಕೆ ಆದ ಪ್ರಗತಿ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಸ್ಥಿತಿ, ಹೈಸ್ಕೂಲು ಮುಗಿಸುವತ್ತ ಸಾಗುತ್ತಿರುವ ರೀತಿ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಸಾಧನೆಗೂ ಪ್ರಗತಿಗೂ ಎಲ್ಲ ಕಡೆ ಒಂದೇ ತೂಕವಿಲ್ಲ. ಬಡ ಮಕ್ಕಳ ಪ್ರಮಾಣ ಹೆಚ್ಚಿದ್ದಷ್ಟೂ ಪ್ರಗತಿಗೆ ತೂಕ ಹೆಚ್ಚು, ಕಡಿಮೆಯಿದ್ದಷ್ಟೂ ಸಾಧನೆಗೆ ಹೆಚ್ಚು. ಹಾಗಾಗಿ ಎರಡು ಶಾಲೆಗಳ ಒಟ್ಟು ಅಂಕ ಒಂದೇ ಇದ್ದರೂ ಅದು ಬಂದ ದಾರಿ ಬೇರೆ. ಒಟ್ಟು ಅಂಕವನ್ನು ಬದಿಗಿಟ್ಟು ನಾಲ್ಕೂ ಭಾಗಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ.

ಮುಂದೆ ಹೋಗಬೇಕಾದ್ದು ಇಲಾಖೆಯ ವೈಸ್‌ಡ್ಯಾಶ್ ಪೋರ್ಟಲ್‌ಗೆ. ಅಲ್ಲಿ ಮಕ್ಕಳ ಫಲಿತಾಂಶವನ್ನು ಗುಂಪುಗುಂಪಾಗಿ ಒಡೆದು ನೋಡಬಹುದು. ಇದು ಏಕೆ ಮುಖ್ಯ ಎನ್ನುವುದಕ್ಕೆ ಒಂದು ಕಾಲ್ಪನಿಕ ಲೆಕ್ಕ. ಎರಡು ಶಾಲೆ, ಎರಡರಲ್ಲೂ ನೂರು ಮಕ್ಕಳು. ಮೊದಲ ಶಾಲೆಯಲ್ಲಿ 80 ಮಕ್ಕಳು ಅನುಕೂಲಸ್ಥರು, ಅವರಲ್ಲಿ 56 ಮಂದಿ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದ್ದಾರೆ. 20 ಬಡ ಮಕ್ಕಳಲ್ಲಿ 4 ಮಂದಿ. ಒಟ್ಟು 60. ಎರಡನೇ ಶಾಲೆಯಲ್ಲಿ 40 ಅನುಕೂಲಸ್ಥರಲ್ಲಿ 30, 60 ಬಡ ಮಕ್ಕಳಲ್ಲಿ 15. ಒಟ್ಟು 45. ಮೇಲ್ನೋಟಕ್ಕೆ ಮೊದಲನೆಯದೇ ಬಹಳ ಮುಂದೆ. ಆದರೆ ಶೇಕಡಾವಾರು ನೋಡಿ: ಅನುಕೂಲಸ್ಥರಲ್ಲಿ 70ಕ್ಕೆ ಎದುರು 75, ಬಡವರಲ್ಲಿ 20ಕ್ಕೆ ಎದುರು 25. ಎರಡೂ ಗುಂಪಿನ ಮಕ್ಕಳು ಎರಡನೇ ಶಾಲೆಯಲ್ಲೇ ಚೆನ್ನಾಗಿ ಕಲಿಯುತ್ತಿದ್ದಾರೆ. ನಿಮ್ಮ ಮಗು ಯಾವ ಗುಂಪಿನದೋ ಆ ಸಾಲನ್ನು ಎಲ್ಲ ಶಾಲೆಗಳಲ್ಲೂ ಹೋಲಿಸಿ. ಒಂದೇ ವರ್ಷದ್ದು ಸಾಲದು, ಮೂರು ವರ್ಷದ್ದು ನೋಡಿ.

ಕಾಲೇಜು ಪ್ರವೇಶಕ್ಕೆ ಬಳಸುವ ಎಸಿಟಿ ಪರೀಕ್ಷೆಯ ಸರಾಸರಿ ನೋಡುವಾಗಲೂ ಎಚ್ಚರ ಬೇಕು. ವಿಸ್ಕಾನ್ಸಿನ್‌ನಲ್ಲಿ ಕಾಲೇಜಿಗೆ ಹೋಗುವವರಷ್ಟೇ ಅಲ್ಲ, ಪಬ್ಲಿಕ್ ಶಾಲೆಗಳ ಹನ್ನೊಂದನೇ ತರಗತಿಯವರೆಲ್ಲರೂ ಈ ಪರೀಕ್ಷೆ ಬರೆಯುತ್ತಾರೆ. ಇಷ್ಟವಿದ್ದವರು ಮಾತ್ರ ಬರೆಯುವ ರಾಜ್ಯಗಳ ಸರಾಸರಿಗೆ ಇಲ್ಲಿಯದನ್ನು ಹೋಲಿಸಿದರೆ ಇಲ್ಲಿನ ಶಾಲೆಗಳಿಗೆ ಅನ್ಯಾಯವಾಗುತ್ತದೆ.

ವಿಷಯಗಳ ಪಟ್ಟಿ ಓದಿ

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಪ್ರತಿ ಹೈಸ್ಕೂಲಿಗೂ ಕೋರ್ಸ್ ಕ್ಯಾಟಲಾಗ್ ಇರುತ್ತದೆ. ಅದನ್ನು ಇಳಿಸಿಕೊಂಡು ಗಣಿತದ ಸಾಲನ್ನೇ ಹಿಡಿದು ನೋಡಿ: ಆಲ್ಜೀಬ್ರಾ 1, ಜಿಯಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಎಪಿ ಕ್ಯಾಲ್ಕುಲಸ್ (ಎಪಿ ಎಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ವಿಷಯ). ನಮ್ಮಲ್ಲಿ ಬೀಜಗಣಿತ, ರೇಖಾಗಣಿತ ಎರಡನ್ನೂ ಒಂದೇ ವರ್ಷದಲ್ಲಿ ಬೆರೆಸಿ ಕಲಿಸುತ್ತಾರೆ, ಅಲ್ಲಿ ವರ್ಷಕ್ಕೊಂದು. ಬೆಂಗಳೂರಿನಲ್ಲಿ ಒಂಬತ್ತು ಮುಗಿಸಿ ಹೋದ ಮಗುವನ್ನು ಯಾವ ಮೆಟ್ಟಿಲಲ್ಲಿ ಕೂರಿಸುತ್ತಾರೆ ಎನ್ನುವುದರ ಮೇಲೆ ಹನ್ನೆರಡನೇ ತರಗತಿಯಲ್ಲಿ ಅದು ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ನಿಂತಿದೆ. ಶಾಲೆಯ ಕೌನ್ಸೆಲರ್ ಹತ್ತಿರ ಇದನ್ನು ನೇರವಾಗಿ ಕೇಳಿ: ಪ್ಲೇಸ್‌ಮೆಂಟ್ ಪರೀಕ್ಷೆ ಇದೆಯೇ? ಊರಿನ ಸಿಲಬಸ್ ಪ್ರತಿ ಕೊಟ್ಟರೆ ಪರಿಗಣಿಸುತ್ತೀರಾ? ಎಪಿ ವಿಷಯಗಳು ಕ್ಯಾಟಲಾಗಿನಲ್ಲಿದ್ದ ಮಾತ್ರಕ್ಕೆ ತರಗತಿ ನಡೆಯುತ್ತದೆ ಎಂದಲ್ಲ, ಮಕ್ಕಳು ಸಾಕಷ್ಟು ಸೇರದಿದ್ದರೆ ಕೈಬಿಡುವುದುಂಟು. ಕಳೆದ ವರ್ಷ ಯಾವ್ಯಾವುದು ನಡೆಯಿತು ಎಂದೂ ವಿಚಾರಿಸಿ. ಹೈಸ್ಕೂಲಿನಲ್ಲಿರುವಾಗಲೇ ವಿಶ್ವವಿದ್ಯಾಲಯದಲ್ಲಿ ವಿಷಯ ತೆಗೆದುಕೊಳ್ಳುವ ಯೋಜನೆಯೂ ರಾಜ್ಯದಲ್ಲಿದೆ. ಅದಕ್ಕೆ ತಿಂಗಳುಗಳ ಮುಂಚೆಯೇ ಅರ್ಜಿ ಕೊಡಬೇಕು.

ಹೋಗಿ ನೋಡುವಾಗ

ಕಟ್ಟಡದ ಹಳೆಯ ಫೋಟೋ ನೋಡಿ ತೀರ್ಮಾನಕ್ಕೆ ಬರಬೇಡಿ. ಈಸ್ಟ್ ಹೈಸ್ಕೂಲು 1922ರದ್ದು. ಆದರೆ 2020ರಲ್ಲಿ ಮತದಾರರು ಒಪ್ಪಿದ 31.7 ಕೋಟಿ ಡಾಲರ್ ಯೋಜನೆಯಲ್ಲಿ ನಾಲ್ಕೂ ಹೈಸ್ಕೂಲುಗಳ ನವೀಕರಣ ಸೇರಿತ್ತು. ಮನೆಯಿಂದ ಶಾಲೆಗೆ ಬಸ್ಸು ಹೇಗೆ ಎಂದು ಕೇಳಿಕೊಳ್ಳಿ. ಜನವರಿಯ ಹಿಮದಲ್ಲಿ ಸ್ಟಾಪಿನವರೆಗೆ ನಡೆಯುವ ದೂರವೂ ಲೆಕ್ಕಕ್ಕೆ ಬರುತ್ತದೆ. ಮಗುವನ್ನೂ ಕರೆದುಕೊಂಡು ಹೋಗಿ. ಆರ್ಕೆಸ್ಟ್ರಾ, ರೋಬೋಟಿಕ್ಸ್, ಟೆನಿಸ್, ಯಾವುದರಲ್ಲಿ ಅದಕ್ಕೆ ಮನಸ್ಸಿದೆಯೋ ಆ ಗುಂಪಿನ ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡಲು ಬಿಡಿ.

ಮನೆ ಹಿಡಿದ ಮೇಲೆ ಶಾಲೆ ಹೊಂದಲಿಲ್ಲವೆಂದರೆ ಪಕ್ಕದ ಡಿಸ್ಟ್ರಿಕ್ಟ್‌ಗೆ ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ ಅರ್ಜಿ ಹಾಕಬಹುದು, ಫೀಸು ಇಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಅವಕಾಶ. ಜಾಗ ಇಲ್ಲದಿದ್ದರೆ ನಿರಾಕರಿಸುವ ಅಧಿಕಾರ ಆ ಡಿಸ್ಟ್ರಿಕ್ಟ್‌ಗಿದೆ, ಓಡಾಟದ ಹೊಣೆ ಸಾಮಾನ್ಯವಾಗಿ ತಂದೆತಾಯಿಯದೇ.