ಹಳೆಯ ಕೊನ್ಯಾಕ್: ಕೊಡುವ ದುಡ್ಡು ಮದ್ಯಕ್ಕೋ, ಬಾಟಲಿಗೋ?

ಕೊನ್ಯಾಕ್ ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ, ಎಕ್ಸ್‌ಒ ಅದರ ಹಳೆಯ ದರ್ಜೆಗಳಲ್ಲೊಂದು. ಎಕ್ಸ್‌ಒ ಬಾಟಲಿಯೊಂದು ಮೇಜಿನ ಮೇಲೆ ಬಂದು ಕೂತರೆ ಸಾಕು, ಕುಡಿಯದವರ ಕಣ್ಣೂ ಅದರ ಮೇಲೆಯೇ. ಚೀನಾದ ಔತಣಗಳಲ್ಲಾಗಲಿ, ಅಮೆರಿಕದ ಕ್ಲಬ್ಬುಗಳಲ್ಲಾಗಲಿ ಅದು ಅಂತಸ್ತಿನ ಗುರುತು. ಆ ಠೀವಿಗಾಗಿಯೇ ಕೊಂಡರೂ ತಪ್ಪೇನಿಲ್ಲ. ಆದರೆ ಬೆಲೆಯಲ್ಲಿ ಎಷ್ಟು ಪಾಲು ಒಳಗಿನ ಮದ್ಯದ್ದು, ಎಷ್ಟು ಗಾಜು, ಡಬ್ಬಿ, ಹೆಸರಿನದು ಎಂಬುದು ಗೊತ್ತಿದ್ದು ಕೊಳ್ಳಿ.

ಮೊದಲು ಲೇಬಲ್ಲಿನ ಅಕ್ಷರ ನೋಡಿ. ವಿಎಸ್ ಎಂದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ; ವಿಎಸ್‌ಒಪಿಗೆ 4, ನೆಪೋಲಿಯನ್‌ಗೆ 6, ಎಕ್ಸ್‌ಒಗೆ 10, ಎಕ್ಸ್‌ಎಕ್ಸ್‌ಒಗೆ 14. 'ಓರ್ ದಾಜ್' ಎಂಬ ಗಂಭೀರ ಹೆಸರಿಗೂ ಕಾನೂನು ಕೇಳುವುದು ಎಕ್ಸ್‌ಒನಷ್ಟೇ. ಕೊಯ್ಲಿನ ಮರುವರ್ಷ ಮಾರ್ಚ್ 31ರೊಳಗೆ ಭಟ್ಟಿ ಇಳಿಸಿ ಮುಗಿಸಬೇಕು. ವಯಸ್ಸಿನ ಎಣಿಕೆ ಏಪ್ರಿಲ್ 1ರಿಂದ. ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಹಲವು ವರ್ಷಗಳ ಮದ್ಯದ ಮಿಶ್ರಣ, ಅಕ್ಷರ ಹೇಳುವುದು ಅದರಲ್ಲಿ ಅತಿ ಕಿರಿಯದರ ವಯಸ್ಸು.

ಇಲ್ಲೇ ಇಬ್ಬಗೆಯ ಮೋಸ. ಎಕ್ಸ್‌ಒಗೆ 2018ರ ಏಪ್ರಿಲ್‌ವರೆಗೆ 6 ವರ್ಷವೇ ಸಾಕಿತ್ತು. ಹಾಗಾಗಿ 'ಹಳೇ ಸ್ಟಾಕು' ಎಂದು ಹೆಚ್ಚಿಗೆ ಕೇಳುವ ಎಕ್ಸ್‌ಒ, ಕಾನೂನಿನ ಲೆಕ್ಕದಲ್ಲಿ ಈಗಿನದಕ್ಕಿಂತ ಎಳೆಯದಿರಬಹುದು. ಎರಡನೆಯದು, ಕೊನ್ಯಾಕ್ ಮಾಗುವುದು ಮರದಲ್ಲಿ ಮಾತ್ರ. 1990ರಲ್ಲಿ ಬಾಟಲಿಗೆ ತುಂಬಿದ ವಿಎಸ್‌ಒಪಿ ಇವತ್ತಿಗೂ ಬರೀ ವಿಎಸ್‌ಒಪಿಯೇ.

ಆಮೇಲೆ ಊರು. ಶರಾಂತ್ ನದಿಯ ದಕ್ಷಿಣಕ್ಕಿರುವ ಸುಣ್ಣಕಲ್ಲಿನ ನೆಲ ಗ್ರಾಂದ್ ಶಾಂಪೇನ್. ಅಲ್ಲಿಯ ಮದ್ಯ ನಿಧಾನವಾಗಿ ಮಾಗಿ ಬಹುಕಾಲ ನಿಲ್ಲುತ್ತದೆ. 'ಫೀನ್ ಶಾಂಪೇನ್' ಎಂದಿದ್ದರೆ ಗ್ರಾಂದ್ ಮತ್ತು ಅದರ ಪಕ್ಕದ ಪೆತಿತ್ ಶಾಂಪೇನ್‌ಗಳ ಮಿಶ್ರಣ, ಕನಿಷ್ಠ ಅರ್ಧ ಗ್ರಾಂದ್‌ನದು. ನೊರೆಯುಕ್ಕುವ ಶಾಂಪೇನಿಗೂ ಇದಕ್ಕೂ ಹೆಸರಿನ ನಂಟಷ್ಟೇ.

ಬಣ್ಣವನ್ನು ನಂಬಲೇಬೇಡಿ. ಕ್ಯಾರಮೆಲ್, ಸಕ್ಕರೆ ಪಾಕ, ಓಕ್ ಚಕ್ಕೆಯ ಕಷಾಯ, ಮೂರಕ್ಕೂ ನಿಯಮದಲ್ಲಿ ಅವಕಾಶವಿದೆ. ಕಡುಕಂದು ಎಂದರೆ ಹಳೆಯದು ಎಂದೇನಲ್ಲ.

ವಯಸ್ಸು ನಿಜವಾಗಿ ಗೊತ್ತಾಗುವುದು ಮೂಗಿಗೆ. ಪೀಪಾಯಿಯಲ್ಲಿ ಹತ್ತು ವರ್ಷ ದಾಟಿದ ಮೇಲೆ ಬರುವ ಒಂದು ಘಮವನ್ನು ಅಲ್ಲಿಯವರು 'ರಾನ್ಸಿಯೊ' ಎನ್ನುತ್ತಾರೆ: ಅಕ್ರೋಟು, ಅಣಬೆ, ಹಳೆಯ ಚರ್ಮ, ಒಣ ಎಲೆ ಬಿದ್ದ ಕಾಡಿನ ನೆಲ. ಮದ್ಯದಲ್ಲಿನ ಕೊಬ್ಬಿನಾಮ್ಲಗಳು ಗಾಳಿಯೊಂದಿಗೆ ನಿಧಾನವಾಗಿ ಬೆರೆತು ಆಗುವುದಿದು. ಎಳೆಯ ಮದ್ಯಕ್ಕೆ ಎಷ್ಟು ಸಕ್ಕರೆ ಹಾಕಿದರೂ ಇದು ಬರದು. ಪರೀಕ್ಷೆ ಸುಲಭ: ಕುಡಿದು ಮುಗಿಸಿದ ಲೋಟ ತೊಳೆಯದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೂಸಿದಾಗ ಒಣ ಹಣ್ಣು, ಅಕ್ರೋಟಿನ ವಾಸನೆ ಉಳಿದಿದ್ದರೆ ಒಳಗೆ ಹಳೆಯ ಸರಕಿತ್ತು. ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ನೋಡಿ. ಆರಿದ ಮೇಲೆ ಅಂಟಂಟಾದರೆ ಪಾಕ ಧಾರಾಳವಾಗಿ ಬಿದ್ದಿದೆ.

ಪ್ರತಿಷ್ಠೆಗೆಂದೇ ಹುಟ್ಟಿದ ಬಾಟಲಿಗಳ ಮಾತು ಬೇರೆ. ರೆಮಿ ಮಾರ್ತೀನ್ ಕಂಪನಿಯ ಲೂಯಿ 13 ಕೊನ್ಯಾಕ್ ಮಾರುಕಟ್ಟೆಗೆ ಬಂದದ್ದು 1874ರಲ್ಲಿ. ಅದರ ಹರಳುಗಾಜಿನ ಬಾಟಲಿ ಎಷ್ಟು ಹೆಸರುವಾಸಿ ಎಂದರೆ ಖಾಲಿಯಾದ ಮೇಲೂ ಅದಕ್ಕೆ ಗಿರಾಕಿಗಳಿದ್ದಾರೆ. ಅಪಾಯ ಇರುವುದೂ ಅಲ್ಲೇ: ಖಾಲಿ ಬಾಟಲಿಗೆ ಅಗ್ಗದ ಮದ್ಯ ತುಂಬಿ ಮಾರುವವರಿದ್ದಾರೆ. ಇಂಥದ್ದನ್ನು ಸೀಲು ಒಡೆಯದ ಸ್ಥಿತಿಯಲ್ಲಿ, ಡಬ್ಬಿ, ಕ್ರಮಸಂಖ್ಯೆ, ಖರೀದಿ ರಸೀದಿ ಸಮೇತ ಸಿಕ್ಕರಷ್ಟೇ ಕೊಳ್ಳಿ. ಇಲ್ಲವಾದರೆ ಅದೇ ಹಣದಲ್ಲಿ ಗ್ರಾಂದ್ ಶಾಂಪೇನ್‌ನ ಚಿಕ್ಕ ತಯಾರಕರ ಹಲವು ಒಳ್ಳೆಯ ಎಕ್ಸ್‌ಒ ತರುವುದೇ ಜಾಣತನ.

ಹಳೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ಮಟ್ಟ ನೋಡಿ. ಕುತ್ತಿಗೆಯಿಂದ ಇಳಿದು ಭುಜಕ್ಕೆ ಬಂದಿದ್ದರೆ ಬಿರಡೆ ಒಣಗಿ ಮದ್ಯ ಆವಿಯಾಗಿದೆ, ಕಸುವೂ ಹೋಗಿರುತ್ತದೆ. ಬಿರಡೆಯ ಸುತ್ತ ಜಿನುಗಿದ ಕಲೆ ಇದ್ದರೆ ಬಿಟ್ಟುಬಿಡಿ.

ವೈನಿನ ಅಭ್ಯಾಸದಲ್ಲಿ ಬಾಟಲಿಯನ್ನು ಮಲಗಿಸುವವರೇ ಹೆಚ್ಚು. ಕೊನ್ಯಾಕ್ ನೆಟ್ಟಗೇ ನಿಲ್ಲಬೇಕು. ಶೇಕಡಾ 40ರ ಆಲ್ಕೊಹಾಲು ಸದಾ ತಾಗಿದರೆ ಕಾರ್ಕ್ ಪುಡಿಯಾಗಿ ಅದರ ವಾಸನೆ ಮದ್ಯಕ್ಕಿಳಿಯುತ್ತದೆ. ಬಿಸಿಲು ಬೀಳದ, ತಂಪಾದ ಕಡೆ ಇಡಿ. ಅಡುಗೆ ಒಲೆಯ ಮೇಲಿನ ಕಪಾಟು ಮಾತ್ರ ಬೇಡ. ಸೀಸ ಬೆರೆತ ಹರಳುಗಾಜಿನ ಡಿಕ್ಯಾಂಟರಿಗೆ ಸುರಿದು ತಿಂಗಳುಗಟ್ಟಲೆ ಶೋಕೇಸಿನಲ್ಲಿಟ್ಟರೆ ಸೀಸ ಮದ್ಯಕ್ಕೆ ಇಳಿಯುತ್ತದೆ. ಬಡಿಸುವ ಸಂಜೆಗಷ್ಟೇ ಅದನ್ನು ಬಳಸಿ.

ಬಡಿಸುವಾಗ 25ರಿಂದ 30 ಮಿಲಿ ಸಾಕು. ಸಿನಿಮಾಗಳಲ್ಲಿ ಕಾಣುವ ಡೊಳ್ಳು ಹೊಟ್ಟೆಯ ಲೋಟ ನೋಟಕ್ಕೆ ಚೆಂದ, ಮೂಗಿಗೆ ಶತ್ರು: ಅಗಲ ಮೈಯಿಂದ ಆಲ್ಕೊಹಾಲಿನ ಆವಿ ಹೆಚ್ಚೆದ್ದು ಒಮ್ಮೆಗೇ ಮೂಗಿಗೆ ಹೊಡೆಯುತ್ತದೆ. ಮೇಲೆ ಕಿರಿದಾಗುವ ಟುಲಿಪ್ ಲೋಟ ತನ್ನಿ. ಮೇಣದಬತ್ತಿಯ ಮೇಲೆ ಬಿಸಿ ಮಾಡುವುದೂ ಅದೇ ಕಾರಣಕ್ಕೆ ಬೇಡ. ಸುರಿದು ಹತ್ತು ಹದಿನೈದು ನಿಮಿಷ ಬಿಡಿ. ಮೊದಲು ಅಲ್ಲಾಡಿಸದೆ ಲೋಟವನ್ನು ಎದೆಮಟ್ಟದಲ್ಲಿ ಹಿಡಿದು ಮೂಸಿ, ಆಮೇಲೆ ಗಲ್ಲದ ಹತ್ತಿರ, ಕೊನೆಗೆ ಅಂಚಿಗೆ. ಮೊದಲ ಗುಟುಕು ನಾಲಗೆ ಒಗ್ಗಿಸಲಷ್ಟೇ. ರುಚಿಯ ತೀರ್ಮಾನ ಎರಡನೆಯದಕ್ಕೆ ಬಿಡಿ. ಐಸು, ಶುಂಠಿ ಸೋಡಾ ವಿಎಸ್‌ಗೆ ಚೆನ್ನಾಗಿ ಹೊಂದುತ್ತವೆ, ಎಕ್ಸ್‌ಒಗೆ ಹಾಕಿದರೆ ಹತ್ತು ವರ್ಷದ ರಾನ್ಸಿಯೊ ಮುಚ್ಚಿಹೋಗುತ್ತದೆ.

ತೆರೆದ ಬಾಟಲಿ ಅರ್ಧಕ್ಕಿಳಿದರೆ ಒಳಗಿನ ಗಾಳಿಯೇ ಘಮವನ್ನು ತಿನ್ನುತ್ತದೆ. ಉಳಿದದ್ದನ್ನು ಕಂಠಮಟ್ಟ ತುಂಬುವಂಥ ಪುಟ್ಟ ಗಾಜಿನ ಬಾಟಲಿಗೆ ಬಗ್ಗಿಸಿ, ಬಿಗಿಯಾಗಿ ಮುಚ್ಚಿ, ಮೇಲೆ ಹೆಸರು ಬರೆದಿಡಿ.